ಪ್ರೋಟೀನುಗಳು ನುಡಿದ ಸಾಕ್ಷ್ಯ
ಚರ್ಮದ ಒಂದು ವಿರಳ ಕ್ಯಾನ್ಸರು ಮತ್ತು ಅದರ ಹಿಂದಿನ ವೈರಸ್ಸು

ಜೇಬಿನೊಳಗೆ ಕೈಯಿಟ್ಟು, ಕಣ್ಣಿನ ನೆರವಿಲ್ಲದೆಯೇ, ಇದು ಒಂದು ರೂಪಾಯಿ, ಇದು ಐದು ರೂಪಾಯಿ ಎಂದು ನಾಣ್ಯಗಳನ್ನು ನಾವು ಬೇರ್ಪಡಿಸಬಲ್ಲೆವು. ಸೀರೆಯ ಸೆರಗನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಉಜ್ಜಿ, ಅದು ಅಪ್ಪಟ ರೇಷ್ಮೆಯೋ ಅಲ್ಲವೋ ಎಂದು ತೀರ್ಪು ಕೊಡುವ ಹಿರಿಯ ಗೃಹಿಣಿಯರನ್ನೂ ನಾವೆಲ್ಲರೂ ಕಂಡಿದ್ದೇವೆ. ಬೆರಳ ತುದಿಗೆ ಈ ಜಾಣ್ಮೆ ಎಲ್ಲಿಂದ ಬಂದಿತು? ಚರ್ಮದ ಹೊರಪದರದ ತಳದಲ್ಲಿ, ನರತಂತುಗಳ ಕೊನೆಗೆ ಅಂಟಿಕೊಂಡಂತೆ, ಒಂದು ಬಗೆಯ ಜೀವಕೋಶಗಳಿವೆ. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞನಾದ ಫ್ರೀಡ್ರಿಕ್ ಸಿಗ್ಮಂಡ್ ಮೆರ್ಕೆಲ್ ೧೮೭೫ರಲ್ಲಿ ಇವನ್ನು ವರ್ಣಿಸಿ ‘ಸ್ಪರ್ಶಕೋಶ’ಗಳೆಂದು ಕರೆದನು. ಮುಂದೆ ಅವಕ್ಕೆ ಆತನ ಹೆಸರೇ ನಿಂತಿತು. ಒತ್ತಡವನ್ನು ವಿದ್ಯುತ್ ಸಂಜ್ಞೆಯಾಗಿ ಮಾರ್ಪಡಿಸುವ ‘ಪೀಜೋ-೨’ ಎಂಬ ಪ್ರೋಟೀನು ಈ ಕೋಶಗಳಲ್ಲಿ ಕೆಲಸ ಮಾಡುತ್ತದೆಂದು ೨೦೧೪ರಲ್ಲಿ ತಿಳಿದುಬಂದಿತು.

ಈ ಕೋಶಗಳ ಹೆಸರನ್ನು ಹೊತ್ತ ಒಂದು ಕ್ಯಾನ್ಸರು ಇದೆ. ಅದು ವಿರಳವಾದುದು, ಆದರೆ ಕ್ರೂರವಾದುದು. ಅದನ್ನು ಗುರುತಿಸುವ ಬಗೆ ಹೇಗೆ, ಅದರ ಹಿಂದೆ ಅಡಗಿದ್ದ ವೈರಸ್ಸನ್ನು ವಿಜ್ಞಾನಿಗಳು ಹಿಡಿದುದು ಹೇಗೆ, ಆ ಶೋಧದಿಂದ ರೋಗಿಗೆ ದೊರೆತ ಪ್ರಯೋಜನವೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ನೋವಿಲ್ಲದ ಗಂಟು

ಅಮೆರಿಕೆಯ ರೋಗವಿಜ್ಞಾನಿ ಸಿರಿಲ್ ಟೋಕರ್ ೧೯೭೨ರಲ್ಲಿ ಐವರು ರೋಗಿಗಳ ಚರ್ಮದಲ್ಲಿ ಕಂಡ ಅಪರೂಪದ ಗೆಡ್ಡೆಯೊಂದನ್ನು ವರ್ಣಿಸಿದರು. ೧೯೭೮ರಲ್ಲಿ ಅವರೂ ಅವರ ಸಹೋದ್ಯೋಗಿಯೂ ಇದೇ ಬಗೆಯ ಗೆಡ್ಡೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ, ಜೀವಕೋಶಗಳ ಒಳಗೆ ಗಾಢವರ್ಣದ ಸಣ್ಣ ಕಣಗಳು ಗೋಚರವಾದುವು. ಅಂಥ ಕಣಗಳು ಮೆರ್ಕೆಲ್ ಕೋಶಗಳಲ್ಲೂ ಇವೆ. ಆದಕಾರಣ ಈ ರೋಗವು ಮೆರ್ಕೆಲ್ ಕೋಶಗಳಿಂದಲೇ ಹುಟ್ಟಿರಬೇಕೆಂದು ಅವರು ಊಹಿಸಿದರು. ‘ಮೆರ್ಕೆಲ್ ಕೋಶದ ಕ್ಯಾನ್ಸರು’ ಎಂಬ ಹೆಸರಿಗೆ ಇದೇ ಮೂಲ.

ಅಮೆರಿಕೆಯಲ್ಲಿ ೨೦೧೩ರ ಲೆಕ್ಕದಂತೆ, ವರ್ಷವೊಂದಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೂ ಈ ರೋಗ ಬರುವುದಿಲ್ಲ, ಪ್ರಮಾಣ ೦.೭ ಮಾತ್ರ. ಬಿಳಿಯ ಚರ್ಮದ ವೃದ್ಧರಲ್ಲಿ ಇದು ಹೆಚ್ಚು. ಕಪ್ಪು ಚರ್ಮದವರಲ್ಲಿ ಬಹು ಕಡಿಮೆ. ಬಿಸಿಲಿಗೆ ಒಡ್ಡಿದ ಮುಖ, ಕುತ್ತಿಗೆ, ತೋಳುಗಳ ಮೇಲೆ ಕೆಂಪು ಇಲ್ಲವೆ ನೇರಿಳೆ ಬಣ್ಣದ ಒಂದು ಗಂಟು ಏಳುತ್ತದೆ. ಅದು ನೋಯುವುದಿಲ್ಲ, ತುರಿಸುವುದೂ ಇಲ್ಲ. ಆದುದರಿಂದ ಅದನ್ನು ಯಾರೂ ಲಕ್ಷಿಸುವುದಿಲ್ಲ. ಆದರೆ ವಾರಗಳಲ್ಲಿ, ತಿಂಗಳುಗಳಲ್ಲಿ ಅದು ಬೇಗ ಬೇಗನೆ ಬೆಳೆದು, ಸಮೀಪದ ದುಗ್ಧರಸ ಗ್ರಂಥಿಗಳಿಗೂ ದೂರದ ಅಂಗಗಳಿಗೂ ಹಬ್ಬುತ್ತದೆ. ಈ ರೋಗ ತಗಲಿದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಇದರಿಂದಲೇ ಮಡಿಯುವರೆಂದು ಅಂದಾಜು ಮಾಡಲಾಗಿದೆ.

ಹೋಲಿಕೆಯ ತೊಡಕು

ಗಂಟಿನ ಒಂದು ಚೂರನ್ನು ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದೇನು? ಒತ್ತೊತ್ತಾಗಿ ತುಂಬಿದ ದುಂಡನೆಯ ಸಣ್ಣ ನೀಲಿ ಕೋಶಗಳು. ತೊಡಕು ಇರುವುದು ಇಲ್ಲಿಯೇ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರು ಚರ್ಮಕ್ಕೆ ಹಬ್ಬಿದಾಗಲೂ ಇಂಥವೇ ಕೋಶಗಳು ಕಾಣುತ್ತವೆ. ದುಗ್ಧರಸ ಕೋಶಗಳ ಕ್ಯಾನ್ಸರಾದ ಲಿಂಫೋಮವೂ, ಚರ್ಮದ ವರ್ಣಕೋಶಗಳಿಂದ ಹುಟ್ಟುವ ಮೆಲನೋಮವೂ ಕೆಲವೊಮ್ಮೆ ಇದೇ ವೇಷವನ್ನು ತೊಡುತ್ತವೆ. ರೂಪ ಒಂದೇ ಆದರೂ ಚಿಕಿತ್ಸೆ ಒಂದೇ ಅಲ್ಲ. ಚರ್ಮದಲ್ಲಿಯೇ ಹುಟ್ಟಿದ ಗೆಡ್ಡೆಯಾದರೆ ಸುತ್ತಲಿನ ಚರ್ಮದೊಡನೆ ಅದನ್ನು ಕತ್ತರಿಸಿ ತೆಗೆದು, ಸಮೀಪದ ಗ್ರಂಥಿಯನ್ನು ಪರೀಕ್ಷಿಸಿ, ಆ ಜಾಗಕ್ಕೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಪ್ರಾರಂಭದ ಹಂತದಲ್ಲಿ ಗುಣವಾಗುವ ಸಂಭವವುಂಟು. ಶ್ವಾಸಕೋಶದಿಂದ ಹಬ್ಬಿ ಬಂದುದಾದರೆ ಚರ್ಮದ ಗಂಟನ್ನು ಕತ್ತರಿಸಿದುದರಿಂದ ರೋಗ ನೀಗುವುದಿಲ್ಲ. ಹೀಗೆ, ರೋಗದ ಹೆಸರು ತಪ್ಪಿದರೆ ರೋಗಿಯ ಹಾದಿಯೇ ತಪ್ಪುತ್ತದೆ.

ಇಂಥ ತೊಡಕು ರಸಾಯನ ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತ. ಅಡಿಗೆ ಉಪ್ಪೂ ಬಿಳಿ, ಪೊಟ್ಯಾಸಿಯಂ ಕ್ಲೋರೈಡೂ ಬಿಳಿ. ಕಣ್ಣಿಗೆ ಎರಡೂ ಒಂದೇ. ಜ್ವಾಲೆಗೆ ಹಿಡಿದರೆ ಒಂದು ಹಳದಿಯಾಗಿ ಉರಿಯುತ್ತದೆ, ಇನ್ನೊಂದು ನಸು ನೇರಿಳೆಯಾಗಿ. ಹೊರ ರೂಪ ಮುಚ್ಚಿಟ್ಟ ಗುಟ್ಟನ್ನು ಒಳಗಿನ ಪರಮಾಣು ಹೊರಗೆಡಹುತ್ತದೆ. ಜೀವಕೋಶಗಳ ವಿಷಯದಲ್ಲಿ ಈ ಕೆಲಸವನ್ನು ಮಾಡುವುವು ಪ್ರೋಟೀನುಗಳು. ಕ್ಯಾನ್ಸರಾಗಿ ಕೆಟ್ಟ ಕೋಶವೂ ತಾನು ಯಾವ ಮನೆತನದ್ದೆಂಬುದರ ಕುರುಹನ್ನು ಪ್ರೋಟೀನುಗಳ ರೂಪದಲ್ಲಿ ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ.

ಆ ಕುರುಹನ್ನು ಕಣ್ಣಿಗೆ ಕಾಣಿಸುವುದು ಹೇಗೆ? ನಮ್ಮ ರಕ್ತದಲ್ಲಿ ಉತ್ಪತ್ತಿಯಾಗುವ ಪ್ರತಿಕಾಯಗಳಿಗೆ ಒಂದು ವಿಶೇಷ ಗುಣವಿದೆ. ಬೀಗಕ್ಕೆ ಅದರದೇ ಬೀಗದ ಕೈ ಹೊಂದುವಂತೆ, ಪ್ರತಿಯೊಂದು ಪ್ರತಿಕಾಯವೂ ತನಗೆ ಒಪ್ಪುವ ಒಂದು ಆಕಾರಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ಅಂಗಾಂಶದಲ್ಲಿ ಗುರಿಯನ್ನು ಹುಡುಕುವ ಉಪಾಯವನ್ನು ಅಮೆರಿಕೆಯ ಆಲ್ಬರ್ಟ್ ಕೂನ್ಸ್ ೧೯೪೧ರಲ್ಲಿ ತೋರಿಸಿದನು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಲರ್ ಮತ್ತು ಮಿಲ್ಸ್ಟೈನ್ ಎಂಬುವರು ೧೯೭೫ರಲ್ಲಿ ಕಂಡುಹಿಡಿದರು. ಇಂದು ರೋಗನಿದಾನ ಶಾಲೆಗಳಲ್ಲಿ ಗಾಜಿನ ಪಟ್ಟಿಯ ಮೇಲೆ ಪ್ರತಿಕಾಯವನ್ನು ಹಾಕಿ, ಕಂದು ಬಣ್ಣ ಮೂಡಿತೇ ಇಲ್ಲವೇ ಎಂದು ನೋಡುವುದು ನಿತ್ಯದ ಕೆಲಸವಾಗಿದೆ.

ಮೆರ್ಕೆಲ್ ಕೋಶದ ಕ್ಯಾನ್ಸರಿನಲ್ಲಿ ಮುಖ್ಯ ಕುರುಹು ‘ಸೈಟೋಕೆರಾಟಿನ್-೨೦’. ಕೂದಲು, ಉಗುರುಗಳಲ್ಲಿರುವ ಕೆರಾಟಿನ್ನಿನ ಬಳಗಕ್ಕೆ ಸೇರಿದ ಈ ಪ್ರೋಟೀನು ಈ ಗೆಡ್ಡೆಗಳಲ್ಲಿ ಇರುವುದನ್ನು ಜರ್ಮನಿಯ ರೋಲಾಂಡ್ ಮೋಲ್ ಮತ್ತು ಸಂಗಡಿಗರು ೧೯೯೨ರಲ್ಲಿ ತೋರಿಸಿದರು. ಸಾಮಾನ್ಯವಾಗಿ ಇದು ಕೋಶದ ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ, ಬೊಟ್ಟಿಟ್ಟಂತೆ, ಒಂದೇ ಚುಕ್ಕೆಯಾಗಿ ಕಾಣುತ್ತದೆ. ಶ್ವಾಸಕೋಶದ ಆ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಈ ಪ್ರೋಟೀನು ಇಲ್ಲ. ಬದಲಾಗಿ ‘ಟಿಟಿಎಫ್-೧’ ಎಂಬ ಬೇರೊಂದು ಪ್ರೋಟೀನು ಹಲವು ಸಲ ಇರುತ್ತದೆ. ಹಾರ್ಮೋನು ಸ್ರವಿಸುವ ಕೋಶಗಳಿಗೂ ನರಕೋಶಗಳಿಗೂ ಸಮಾನವಾದ ಕ್ರೋಮೋಗ್ರಾನಿನ್, ಸಿನಾಪ್ಟೋಫಿಸಿನ್‌ಗಳು ಈ ಎರಡು ಕ್ಯಾನ್ಸರುಗಳಲ್ಲಿಯೂ ಸಿಗಬಹುದು. ಆದರೆ ಅವು ಲಿಂಫೋಮ, ಮೆಲನೋಮಗಳನ್ನು ದೂರವಿಡಲು ನೆರವಾಗುತ್ತವೆ. ಸೈಟೋಕೆರಾಟಿನ್-೨೦ ಇಲ್ಲದ ಮೆರ್ಕೆಲ್ ಗೆಡ್ಡೆಗಳೂ ಅಲ್ಲಲ್ಲಿ ಉಂಟು. ಆದುದರಿಂದ ರೋಗವಿಜ್ಞಾನಿಯು ಒಬ್ಬನೇ ಸಾಕ್ಷಿಯ ಮಾತನ್ನು ನೆಚ್ಚದೆ, ಹಲವು ಸಾಕ್ಷಿಗಳ ಹೇಳಿಕೆಗಳನ್ನು ತಾಳೆ ನೋಡಿ ತೀರ್ಪು ಕೊಡುತ್ತಾನೆ.

ಕಳೆದು ಉಳಿದುದು

ರೋಗವನ್ನು ಗುರುತಿಸಿದ್ದಾಯಿತು, ಅದರ ಕಾರಣವೇನು? ಒಂದು ಸುಳಿವು ೨೦೦೨ರಲ್ಲಿ ದೊರೆಯಿತು. ಏಡ್ಸ್ ರೋಗಿಗಳಲ್ಲಿ ಈ ಕ್ಯಾನ್ಸರಿನ ಪ್ರಮಾಣವು ಸಾಮಾನ್ಯ ಜನರಲ್ಲಿರುವುದಕ್ಕಿಂತ ಸುಮಾರು ೧೩ ಪಟ್ಟು ಹೆಚ್ಚೆಂದು ಅಮೆರಿಕೆಯ ಸಂಶೋಧಕರು ಆ ವರ್ಷ ಪ್ರಕಟಿಸಿದರು. ಮೂತ್ರಪಿಂಡ ಮೊದಲಾದ ಅಂಗಗಳನ್ನು ಕಸಿ ಮಾಡಿಸಿಕೊಂಡು, ದೇಹದ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರಲ್ಲಿಯೂ ಇದು ಹೆಚ್ಚಾಗಿತ್ತು. ಕಾವಲು ಸಡಿಲವಾದಾಗ ಹೆಚ್ಚುವ ರೋಗವೆಂದರೆ, ಅಲ್ಲಿ ಯಾವುದೋ ಸೋಂಕಿನ ಕೈವಾಡವಿರಬಹುದೆಂದು ಶಂಕಿಸುವುದು ಸಹಜ. ಕಪೋಸಿ ಎಂಬ ಇನ್ನೊಂದು ವಿರಳ ಕ್ಯಾನ್ಸರಿನ ವಿಷಯದಲ್ಲಿ ಹೀಗೆಯೇ ಆಗಿತ್ತು. ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಎಂಬ ವಿಜ್ಞಾನಿ ದಂಪತಿಗಳು ೧೯೯೪ರಲ್ಲಿ ಅದರ ಹಿಂದಿನ ವೈರಸ್ಸನ್ನು ಪತ್ತೆ ಮಾಡಿದ್ದರು. ಈಗ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿದ್ದ ಅವರು ಮೆರ್ಕೆಲ್ ಕ್ಯಾನ್ಸರಿನ ಕಡೆಗೆ ತಿರುಗಿದರು.

ಯಾವ ವೈರಸ್ಸೆಂದು ಗೊತ್ತಿಲ್ಲದಾಗ ಅದನ್ನು ಹುಡುಕುವುದು ಹೇಗೆ? ಅವರು ಅನುಸರಿಸಿದ ಮಾರ್ಗವು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಮೆಚ್ಚಿಕೆಯಾಗುವಂಥದು. ವಿಕಿರಣಶೀಲ ವಸ್ತುವಿನ ಶಕ್ತಿಯನ್ನು ಅಳೆಯುವಾಗ ನಾವು ಮೊದಲು ವಸ್ತುವನ್ನು ದೂರವಿಟ್ಟು, ನೆಲದಿಂದಲೂ ಗೋಡೆಯಿಂದಲೂ ಆಕಾಶದಿಂದಲೂ ಬರುವ ಹಿನ್ನೆಲೆಯ ವಿಕಿರಣವನ್ನು ಎಣಿಸುತ್ತೇವೆ. ಬಳಿಕ ವಸ್ತುವನ್ನಿಟ್ಟು ಎಣಿಸಿ, ಹಿನ್ನೆಲೆಯನ್ನು ಕಳೆಯುತ್ತೇವೆ. ಉಳಿದುದು ವಸ್ತುವಿನದು. ಚಾಂಗ್, ಮೂರ್ ಮತ್ತು ಅವರ ಸಹೋದ್ಯೋಗಿಗಳಾದ ಹುಯಿಚೆನ್ ಫೆಂಗ್, ಮಸಾಹಿರೊ ಶುಡಾ ಇವರು ಮಾಡಿದುದೂ ಇದನ್ನೇ. ಗೆಡ್ಡೆಯ ಕೋಶಗಳಲ್ಲಿ ಕೆಲಸದಲ್ಲಿ ತೊಡಗಿರುವ ಜೀನುಗಳ ಸಂದೇಶಗಳನ್ನೆಲ್ಲ ಅವರು ಓದಿದರು; ಹೀಗೆ ಓದಿದ ತುಣುಕುಗಳು ೩ ಲಕ್ಷ ೮೦ ಸಾವಿರಕ್ಕೂ ಹೆಚ್ಚು. ಮಾನವನ ಜೀನುಗಳ ಸಂಪೂರ್ಣ ಪಾಠ ಆ ವೇಳೆಗಾಗಲೇ ಸಿದ್ಧವಾಗಿತ್ತಷ್ಟೆ. ಅದಕ್ಕೆ ಹೊಂದುವ ತುಣುಕುಗಳನ್ನೆಲ್ಲ ಗಣಕಯಂತ್ರದಿಂದ ಕಳೆದುಹಾಕಿದಾಗ ಉಳಿದುವು ಸುಮಾರು ೨,೪೦೦. ಅವುಗಳಲ್ಲಿ ಒಂದು ತುಣುಕು ಮಾತ್ರ, ಪ್ರಾಣಿಗಳಲ್ಲಿ ಮೊದಲೇ ತಿಳಿದಿದ್ದ ಪಾಲಿಯೋಮ ಎಂಬ ವೈರಸ್ ಕುಟುಂಬದ ಪ್ರೋಟೀನಿನ ಪಾಠವನ್ನು ಹೋಲುತ್ತಿತ್ತು.

ಆ ಒಂದು ಎಳೆಯನ್ನು ಹಿಡಿದು ಅವರು ಇಡೀ ವೈರಸ್ಸಿನ ಡಿ.ಎನ್.ಎ.ಯನ್ನು ಓದಿದರು. ಅದರ ಉದ್ದ ೫,೩೮೭ ಅಕ್ಷರ ಜೋಡಿಗಳು. ಮಾನವ ಕೋಶದ ಒಂದು ಜೊತೆಯ ಪಾಠವೇ ಸುಮಾರು ೩೧೦ ಕೋಟಿ ಅಕ್ಷರ ಜೋಡಿಗಳಷ್ಟಿದೆ. ವೈರಸ್ಸಿನದು ಒಂದು ಪುಟವೆಂದು ಎಣಿಸಿದರೆ, ಮಾನವನದು ೫೦೦ ಪುಟಗಳ ೧,೧೫೦ ಸಂಪುಟಗಳಾಗುತ್ತವೆ. ಅಂಥ ಗ್ರಂಥಭಂಡಾರದಲ್ಲಿ ಸೇರಿಕೊಂಡ ಒಂದು ಪರಕೀಯ ಹಾಳೆಯನ್ನು ಅವರು ಹುಡುಕಿ ತೆಗೆದರು! ೨೦೦೮ರಲ್ಲಿ ಈ ಶೋಧ ಪ್ರಕಟವಾಯಿತು. ಪರೀಕ್ಷಿಸಿದ ೧೦ ಗೆಡ್ಡೆಗಳಲ್ಲಿ ೮ರಲ್ಲಿ ವೈರಸ್ಸು ಇತ್ತು.

ಅಪರಾಧಿಯೋ, ದಾರಿಹೋಕನೋ?

ಆದರೆ ಸ್ಥಳದಲ್ಲಿ ಸಿಕ್ಕವನೆಲ್ಲ ಅಪರಾಧಿಯಲ್ಲ. ಮುಂದಿನ ಸಮೀಕ್ಷೆಗಳಿಂದ ತಿಳಿದುಬಂದಂತೆ, ಈ ವೈರಸ್ಸು ಅತಿ ಸಾಮಾನ್ಯವಾದುದು. ವಯಸ್ಕರಲ್ಲಿ ಬಹುಪಾಲು ಜನರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳಿವೆ. ಬಾಲ್ಯದಲ್ಲಿಯೇ ತಗಲಿ, ಯಾವ ತೊಂದರೆಯನ್ನೂ ಕೊಡದೆ ಅದು ಚರ್ಮದಲ್ಲಿ ಉಳಿಯುತ್ತದೆ. ಹಾಗಾದರೆ ಗೆಡ್ಡೆಯಲ್ಲಿ ಅದು ಸಿಕ್ಕುದು ಬರಿಯ ಆಕಸ್ಮಿಕವಿರಬಾರದೇಕೆ? ಈ ಆಕ್ಷೇಪಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು ಕಾಲಕ್ರಮದ ಸಾಕ್ಷ್ಯ. ವೈರಸ್ಸಿದ್ದ ೮ ಗೆಡ್ಡೆಗಳ ಪೈಕಿ ೬ರಲ್ಲಿ ಅದರ ಡಿ.ಎನ್.ಎ. ಮಾನವ ಕೋಶದ ವರ್ಣತಂತುವಿನೊಳಕ್ಕೇ ಹೊಲಿಗೆಯಾಗಿತ್ತು. ಒಬ್ಬ ರೋಗಿಯ ಗೆಡ್ಡೆಯ ಕೋಶಗಳಲ್ಲೆಲ್ಲ ಹೊಲಿಗೆಯ ಸ್ಥಾನ ಒಂದೇ. ಬೇರೆ ರೋಗಿಯಲ್ಲಿ ಸ್ಥಾನ ಬೇರೆ. ಗೆಡ್ಡೆ ಬೆಳೆದ ಮೇಲೆ ವೈರಸ್ಸು ಬಂದು ಸೇರಿದ್ದರೆ ಒಂದೊಂದು ಕೋಶದಲ್ಲಿ ಒಂದೊಂದು ಕಡೆ ಅದು ಕೂತಿರಬೇಕಾಗಿತ್ತು. ಎಲ್ಲ ಕೋಶಗಳಲ್ಲೂ ಒಂದೇ ಕಡೆ ಇದೆಯೆಂದರೆ, ಅವೆಲ್ಲಕ್ಕೂ ಮೂಲವಾದ ಒಂದೇ ಒಂದು ಕೋಶದಲ್ಲಿ, ಗೆಡ್ಡೆ ಹುಟ್ಟುವ ಮೊದಲೇ, ಅದು ಹೊಕ್ಕಿತ್ತೆಂದು ಅರ್ಥ.

ಎರಡನೆಯದು ವಿಕಾರದ ಸಾಕ್ಷ್ಯ. ಈ ವೈರಸ್ಸಿಗೆ ‘ಟಿ’ ಎಂಬ ಹೆಸರಿನ ಎರಡು ಮುಖ್ಯ ಪ್ರೋಟೀನುಗಳಿವೆ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಟಿ ಎಂದರೆ ಟ್ಯೂಮರ್, ಅಂದರೆ ಗೆಡ್ಡೆ. ದೊಡ್ಡ ಟಿ-ಪ್ರೋಟೀನಿನ ಕೊನೆಯ ಭಾಗ ವೈರಸ್ಸಿನ ಪ್ರತಿಗಳನ್ನು ಮಾಡಲು ಬೇಕು. ಗೆಡ್ಡೆಗಳಲ್ಲಿ ಆ ಭಾಗ ತುಂಡಾಗಿ ಹೋಗಿರುತ್ತದೆ. ಉಳಿಯುವುದು ‘ಆರ್‌ಬಿ’ ಎಂಬ ಮಾನವ ಪ್ರೋಟೀನನ್ನು ಹಿಡಿದುಕೊಳ್ಳುವ ಭಾಗ. ಮಕ್ಕಳ ಕಣ್ಣಿನ ಒಂದು ಕ್ಯಾನ್ಸರಿನ ಅಭ್ಯಾಸದಿಂದ ತಿಳಿದುಬಂದ ಆರ್‌ಬಿ ಪ್ರೋಟೀನು ಕೋಶವಿಭಜನೆಗೆ ತಡೆಹಿಡಿಯುವ ಬಿರಿಯಿದ್ದಂತೆ. ಅದನ್ನು ಟಿ-ಪ್ರೋಟೀನು ಕಟ್ಟಿಹಾಕಿದರೆ ಕೋಶ ಎಡೆಬಿಡದೆ ಒಡೆಯತೊಡಗುತ್ತದೆ. ಚಿಕ್ಕ ಟಿ-ಪ್ರೋಟೀನೂ ಕೋಶಗಳನ್ನು ಕ್ಯಾನ್ಸರಿನ ಕಡೆಗೆ ತಳ್ಳಬಲ್ಲುದೆಂದು ೨೦೧೧ರಲ್ಲಿ ಕಂಡುಬಂದಿತು.

ಮೂರನೆಯದು ಪ್ರಯೋಗದ ಸಾಕ್ಷ್ಯ. ಗಾಜಿನ ತಟ್ಟೆಗಳಲ್ಲಿ ಬೆಳೆಸಿದ, ವೈರಸ್ಸಿರುವ ಮೆರ್ಕೆಲ್ ಗೆಡ್ಡೆಯ ಕೋಶಗಳಲ್ಲಿ ಟಿ-ಪ್ರೋಟೀನುಗಳ ತಯಾರಿಕೆಯನ್ನು ನಿಲ್ಲಿಸಿದಾಗ ಅವುಗಳ ಬೆಳವಣಿಗೆ ನಿಂತಿತು, ಕೋಶಗಳು ಸತ್ತುವು. ೨೦೧೦ರಲ್ಲಿ ಇದು ಪ್ರಕಟವಾಯಿತು.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ವೈಚಿತ್ರ್ಯವಿದೆ. ಕ್ಯಾನ್ಸರಿನಿಂದ ವೈರಸ್ಸಿಗೆ ಲಾಭವೇನೂ ಇಲ್ಲ. ಮಾನವನ ವರ್ಣತಂತುವಿನಲ್ಲಿ ಸಿಕ್ಕಿಕೊಂಡು, ಪ್ರತಿ ಮಾಡುವ ಶಕ್ತಿಯನ್ನು ಕಳೆದುಕೊಂಡ ವೈರಸ್ಸು ಇನ್ನೊಬ್ಬರಿಗೆ ಹರಡಲಾರದು. ಅಲ್ಲಿಗೆ ಅದರ ವಂಶ ಮುಗಿಯಿತು. ಒಂದೇ ಕೋಶದಲ್ಲಿ ಎರಡು ಅಪಘಾತಗಳು ನಡೆದು, ದೇಹದ ಕಾವಲೂ ಅದನ್ನು ಕಾಣದೆ ಹೋದಾಗ ಮಾತ್ರ ರೋಗ ಹುಟ್ಟುತ್ತದೆ. ಸೋಂಕು ಸರ್ವಸಾಮಾನ್ಯವಾಗಿದ್ದರೂ ರೋಗ ಇಷ್ಟು ವಿರಳವಾಗಿರುವುದಕ್ಕೆ ಇದೇ ಕಾರಣ. ಮನೆಯಲ್ಲಿ ರೋಗಿಯಿದ್ದರೆ ಇತರರು ಅಂಜಬೇಕಾದುದಿಲ್ಲ.

ಸೂರ್ಯನ ಹಾದಿ

ಹಾಗಾದರೆ ವೈರಸ್ಸು ಇಲ್ಲದ ಗೆಡ್ಡೆಗಳ ಗತಿಯೇನು? ಯೂರೋಪು ಮತ್ತು ಉತ್ತರ ಅಮೆರಿಕೆಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಗೆಡ್ಡೆಗಳಲ್ಲಿ ವೈರಸ್ಸಿದೆ. ಬಿಸಿಲು ಪ್ರಖರವಾದ ಆಸ್ಟ್ರೇಲಿಯದಲ್ಲಿ ಈ ಪಾಲು ಬಹಳ ಕಡಿಮೆ. ಅಲ್ಲಿಯ ಮುಖ್ಯ ಅಪರಾಧಿ ಸೂರ್ಯನ ಅತಿನೇರಿಳೆ ಕಿರಣ. ೭೦೦ ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು ೧.೮ ಎಲೆಕ್ಟ್ರಾನ್-ವೋಲ್ಟಿನಷ್ಟು ಶಕ್ತಿಯಿದ್ದರೆ, ೩೦೦ ನ್ಯಾನೋಮೀಟರಿನ ಅತಿನೇರಿಳೆ ಫೋಟಾನಿನಲ್ಲಿ ಸುಮಾರು ೪.೧ ಇದೆ. ಡಿ.ಎನ್.ಎ. ಇಂಥ ಫೋಟಾನನ್ನು ಹೀರಿಕೊಂಡಾಗ ನೆರೆಹೊರೆಯ ಎರಡು ಅಕ್ಷರಗಳು ತಪ್ಪಾಗಿ ಬೆಸೆದುಕೊಳ್ಳುತ್ತವೆ. ದುರಸ್ತಿ ಸರಿಯಾಗದಿದ್ದರೆ ಪಾಠದೋಷ ಉಳಿಯುತ್ತದೆ. ವೈರಸ್ಸಿಲ್ಲದ ಮೆರ್ಕೆಲ್ ಗೆಡ್ಡೆಗಳಲ್ಲಿ ಈ ಮುದ್ರೆಯುಳ್ಳ ದೋಷಗಳು ಹೇರಳವಾಗಿವೆ. ವೈರಸ್ಸುಳ್ಳ ಗೆಡ್ಡೆಗಳಲ್ಲಿ ಬಹು ವಿರಳ. ಆಶ್ಚರ್ಯವೆಂದರೆ, ಬಿಸಿಲಿನಿಂದಾದ ದೋಷಗಳು ಮತ್ತೆ ಮತ್ತೆ ಬಂದು ತಾಗುವುದು ಅದೇ ಆರ್‌ಬಿ ಜೀನಿಗೆ! ವೈರಸ್ಸು ಬಿರಿಯನ್ನು ಕಟ್ಟಿಹಾಕುತ್ತದೆ. ಸೂರ್ಯ ಬಿರಿಯನ್ನೇ ಮುರಿಯುತ್ತಾನೆ. ಹಾದಿಗಳೆರಡು, ಸೇರುವ ಊರು ಒಂದು.

ಶತ್ರುವಿನ ಗುರುತೇ ಆಯುಧವಾದುದು

ಈ ಜ್ಞಾನದಿಂದ ರೋಗಿಗೆ ದೊರೆತುದೇನು? ಮೊದಲನೆಯದಾಗಿ, ಟಿ-ಪ್ರೋಟೀನು ನಮ್ಮ ದೇಹದ್ದಲ್ಲ. ಆರೋಗ್ಯವಂತ ಕೋಶದಲ್ಲಿ ಅದಕ್ಕೆ ಕೆಲಸವಿಲ್ಲ. ಆದುದರಿಂದ ಅದನ್ನು ಹುಡುಕುವ ಪ್ರತಿಕಾಯವು ರೋಗವಿಜ್ಞಾನಿಗೆ ಇನ್ನೊಂದು ಸಾಕ್ಷಿಯಾಗಿ ಒದಗಿತು. ಎರಡನೆಯದಾಗಿ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಟಿ-ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳಿರುತ್ತವೆ. ಗೆಡ್ಡೆಯನ್ನು ತೆಗೆದ ಮೇಲೆ ಅವುಗಳ ಮಟ್ಟ ಇಳಿಯುತ್ತದೆ. ಮತ್ತೆ ಏರಿದರೆ ರೋಗ ಮರುಕಳಿಸುತ್ತಿದೆಯೆಂಬ ಮುನ್ಸೂಚನೆ. ೨೦೧೦ರಲ್ಲಿ ಪ್ರಕಟವಾದ ಈ ಅಂಶದ ಆಧಾರದ ಮೇಲೆ ರಕ್ತಪರೀಕ್ಷೆಯೊಂದು ಬಳಕೆಗೆ ಬಂದಿದೆ.

ಮೂರನೆಯದು ಎಲ್ಲಕ್ಕಿಂತ ಮಹತ್ವದ್ದು. ಗೆಡ್ಡೆ ಪರಕೀಯ ಪ್ರೋಟೀನನ್ನು ಹೊತ್ತಿದ್ದರೂ ದೇಹದ ಕಾವಲು ಕೋಶಗಳು ಅದನ್ನು ಏಕೆ ಕೊಲ್ಲುವುದಿಲ್ಲ? ಕಾವಲು ಕೋಶಗಳ ಮೈಮೇಲೆ ‘ಪಿಡಿ-೧’ ಎಂಬ ತಡೆಗುಂಡಿಯಿದೆ. ಗೆಡ್ಡೆ ಅದನ್ನು ಒತ್ತಿ ಅವನ್ನು ಸುಮ್ಮನಿರಿಸುತ್ತದೆ. ಇಂಥ ತಡೆಗಳನ್ನು ಬಿಡಿಸಿ ಕ್ಯಾನ್ಸರಿಗೆ ಚಿಕಿತ್ಸೆ ನೀಡಬಹುದೆಂದು ತೋರಿಸಿದುದಕ್ಕಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೊ ಅವರಿಗೆ ೨೦೧೮ರ ನೊಬೆಲ್ ಪಾರಿತೋಷಕ ಸಂದಿತು. ದೂರದ ಅಂಗಗಳಿಗೆ ಹಬ್ಬಿದ ಮೆರ್ಕೆಲ್ ಕ್ಯಾನ್ಸರಿಗೆ ಹಿಂದೆ ಇದ್ದ ಔಷಧಗಳಿಂದ ಗೆಡ್ಡೆ ಕುಗ್ಗಿದರೂ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತಿತ್ತು. ಆ ಔಷಧಗಳು ಫಲಿಸದ ೮೮ ರೋಗಿಗಳಿಗೆ ಅವೆಲುಮಾಬ್ ಎಂಬ ಹೊಸ ಮದ್ದನ್ನು ಕೊಟ್ಟಾಗ ೨೮ ಮಂದಿಯಲ್ಲಿ ಗೆಡ್ಡೆಗಳು ಗಣನೀಯವಾಗಿ ಕುಗ್ಗಿದುವು. ಅವರಲ್ಲಿ ಹಲವರಿಗೆ ಆ ಗುಣ ದೀರ್ಘಕಾಲ ನಿಂತಿತು. ೨೦೧೭ರ ಮಾರ್ಚಿಯಲ್ಲಿ ಅಮೆರಿಕೆಯ ಸರಕಾರ ಈ ರೋಗಕ್ಕೆಂದೇ ಆ ಮದ್ದಿಗೆ ಅನುಮತಿ ನೀಡಿತು. ವೈರಸ್ಸುಳ್ಳ ಗೆಡ್ಡೆಗೂ ವೈರಸ್ಸಿಲ್ಲದ ಗೆಡ್ಡೆಗೂ ಈ ಬಗೆಯ ಚಿಕಿತ್ಸೆ ನಾಟುತ್ತದೆ. ಒಂದರಲ್ಲಿ ವೈರಸ್ಸಿನ ಪ್ರೋಟೀನು, ಇನ್ನೊಂದರಲ್ಲಿ ಬಿಸಿಲು ಕೆಡಿಸಿದ ನೂರಾರು ಪ್ರೋಟೀನುಗಳು ಪರಕೀಯತೆಯ ಗುರುತಾಗಿ ನಿಂತಿರುವುದರಿಂದ, ತಡೆ ಬಿಟ್ಟ ಕಾವಲು ಕೋಶಗಳಿಗೆ ಶತ್ರು ಸಿಕ್ಕಿಬೀಳುತ್ತಾನೆ. ಮೂವರಲ್ಲಿ ಇಬ್ಬರಿಗೆ ಆ ಮದ್ದು ನಾಟಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಇನ್ನೂ ಆಗಬೇಕಾದ ಕೆಲಸ ಬಹಳವಿದೆ.

ವ್ಯವಹಾರದ ಮಾತೊಂದುಂಟು. ೨೦೦೮ರಲ್ಲಿ ೧೯೫ ರೋಗಿಗಳನ್ನು ಪರಿಶೀಲಿಸಿದ ಅಮೆರಿಕೆಯ ವೈದ್ಯರು ಐದು ಲಕ್ಷಣಗಳನ್ನು ಗುರುತಿಸಿದರು: ನೋವಿಲ್ಲದಿರುವುದು, ಬೇಗನೆ ಬೆಳೆಯುವುದು, ದೇಹದ ರಕ್ಷಣಾ ಶಕ್ತಿ ಕುಂದಿರುವುದು, ವಯಸ್ಸು ಐವತ್ತು ದಾಟಿರುವುದು, ಬಿಳಿಯ ಚರ್ಮದ ಬಿಸಿಲು ತಾಗುವ ಭಾಗದಲ್ಲಿರುವುದು. ನೂರಕ್ಕೆ ೮೯ ರೋಗಿಗಳಲ್ಲಿ ಇವುಗಳ ಪೈಕಿ ಮೂರಾದರೂ ಇದ್ದುವು. ಪ್ರತಿಯೊಂದು ಮೊಡವೆಗೂ ಹೆದರಬೇಕಾಗಿಲ್ಲ. ಆದರೆ ಹಿರಿಯರ ಮೈಮೇಲೆ ಗಂಟೊಂದು ದಿನೇ ದಿನೇ ದಪ್ಪವಾಗುತ್ತಿದ್ದರೆ, ನೋಯುವುದಿಲ್ಲವೆಂಬ ಒಂದೇ ಕಾರಣದಿಂದ ಅದನ್ನು ಕಡೆಗಣಿಸದೆ ವೈದ್ಯರಿಗೆ ತೋರಿಸುವುದು ಲೇಸು.

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ಮೆರ್ಕೆಲ್ ಕೋಶಗಳು ಸಾಮಾನ್ಯವಾಗಿ ಒಡೆದು ಎರಡಾಗುವುದಿಲ್ಲ. ಒಡೆಯದ ಕೋಶದಿಂದ ಇಷ್ಟು ವೇಗವಾಗಿ ಬೆಳೆಯುವ ಗೆಡ್ಡೆ ಹುಟ್ಟೀತೇ? ಚರ್ಮದ ಮೂಲಕೋಶಗಳಿಂದ ಹುಟ್ಟುತ್ತದೆಂದು ಕೆಲವರು, ಒಳಚರ್ಮದ ತಂತುಕೋಶಗಳಿಂದೆಂದು ಕೆಲವರು, ರಕ್ತದ ಎಳೆಯ ಕೋಶಗಳಿಂದೆಂದು ಇನ್ನು ಕೆಲವರು ವಾದಿಸುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕಂಡ ಕಣಗಳ ಹೋಲಿಕೆಯಿಂದ ಬಂದ ಹೆಸರು ಕಡೆಗೆ ಸರಿಯೆನಿಸುವುದೋ ತಪ್ಪೆನಿಸುವುದೋ, ಇನ್ನೂ ಇತ್ಯರ್ಥವಾಗಿಲ್ಲ. ಹೋಲಿಕೆಯನ್ನು ನಂಬದೆ ಒಳಗಿನ ಸಾಕ್ಷ್ಯವನ್ನು ಕೇಳಬೇಕೆಂಬ ಪಾಠವನ್ನು ಕಲಿಸಿದ ರೋಗವೇ ತನ್ನ ಹೆಸರಿನ ವಿಷಯದಲ್ಲಿ ಅದೇ ಪರೀಕ್ಷೆಗೆ ಕಾದು ನಿಂತಿದೆ.